ಗುಂಡಿ ಹಾಕೋದೊಂದೇ ಬಾಕಿ

ನಮ್ಮ ಬೀದಿಯ ಟೈಲರ್ ಮಾಸ್ಟ್ರ ಅಂಗಡಿಗೆ ಹೋಗಿ, "ನನ್ನ ಶರ್ಟು ಏನಾಯ್ತು?" ಎಂದು ಯಾರು ಯಾವತ್ತು ಕೇಳಿದರೂ ಸಿಗುವ ಉತ್ತರ ಒಂದೇ. "ಆಗೋಯ್ತು ಸಾರ್, ಗುಂಡಿ ಹಾಕೋದೊಂದೇ ಬಾಕಿ." ಈ ಮಾತನ್ನು ಅವರು ಮೆಷಿನ್ನಿನಿಂದ ತಲೆ ಎತ್ತದೆ, ತುಟಿಯಲ್ಲಿ ಕಚ್ಚಿಕೊಂಡ ಗುಂಡುಸೂಜಿಗಳ ಸಂದಿಯಿಂದ ಹೇಳುವುದರಿಂದ ಅದಕ್ಕೊಂದು ಗಾಂಭೀರ್ಯ ತಾನಾಗಿಯೇ ಬಂದುಬಿಡುತ್ತದೆ. ಹೊಸ ಗಿರಾಕಿಗಳು ನಂಬಿ, "ಹಾಗಾದ್ರೆ ಕೂತಿರ್ತೀನಿ, ಹಾಕಿ ಕೊಟ್ಬಿಡಿ" ಎಂದು ಬೆಂಚಿನ ಮೇಲೆ ಕೂರುತ್ತಾರೆ. ಹಳಬರಿಗೆ ಗೊತ್ತು, ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿಲ್ಲ. ನಾನು ಒಮ್ಮೆ ಕಿಟಕಿಯ ಪರದೆ ಹೊಲಿಯಲು ಕೊಟ್ಟಿದ್ದಾಗಲೂ ಇದೇ ಉತ್ತರ ಬಂದಿತ್ತು. ಪರದೆಗೆ ಗುಂಡಿ ಇರುವುದಿಲ್ಲ ಎಂಬ ಸಂಗತಿ ನಮ್ಮಿಬ್ಬರಲ್ಲಿ ಯಾರಿಗೂ ಆ ಹೊತ್ತಿಗೆ ಹೊಳೆಯಲಿಲ್ಲ.

ಇದನ್ನು ಸುಳ್ಳು ಎಂದರೆ ಮಾಸ್ಟ್ರಿಗೆ ನೋವಾಗುತ್ತದೆ. "ಗಿರಾಕಿ ಸಮಾಧಾನವಾಗಿ ಮನೆಗೆ ಹೋಗ್ಬೇಕು ಸ್ವಾಮಿ. ಬಟ್ಟೆ ಇವತ್ತಲ್ಲ ನಾಳೆ ಬರುತ್ತೆ, ಕೆಟ್ಟುಹೋದ ಸಮಾಧಾನ ಮತ್ತೆ ಬರಲ್ಲ" ಎನ್ನುವುದು ಅವರ ವಾದ. ಅವರ ಇನ್ನೊಂದು ಹೆಮ್ಮೆಯೆಂದರೆ ಕಣ್ಣಳತೆ. ಟೇಪು ಸದಾ ಕೊರಳಲ್ಲೇ ಇರುತ್ತದೆ, ಆದರೆ ಅದು ಪದಕದ ಹಾಗೆ, ಶೋಭೆಗೆ. ಗಿರಾಕಿ ಬಾಗಿಲು ದಾಟುವಷ್ಟರಲ್ಲಿ ಎದೆ, ಸೊಂಟ, ತೋಳು ಎಲ್ಲ ಅವರ ತಲೆಯಲ್ಲಿ ಬರೆದಾಗಿರುತ್ತದೆ. ಮುಂದೆ ಬಂದ ಹೊಟ್ಟೆಯನ್ನು ಹೊಲಿಗೆಯಲ್ಲೇ ಹಿಂದಕ್ಕೆ ತಳ್ಳಿ, ಗೂನು ಬೆನ್ನಿನ ಹೆಡ್‌ಮಾಸ್ಟರನ್ನು ಕೋಟಿನೊಳಗೆ ಕಂಬದಂತೆ ನಿಲ್ಲಿಸಿ, "ನನ್ನ ಅಂಗಡಿಯಿಂದ ಯಾರೂ ಸೊಟ್ಟಗೆ ಹೊರಗೆ ಹೋಗಿಲ್ಲ" ಎಂದು ಕತ್ತರಿ ಆಡಿಸುತ್ತ ಹೇಳುವುದು ಅವರ ಅಭ್ಯಾಸ.

ಅದೇ ಅಭ್ಯಾಸ ಅವರ ಮನೆಯೊಳಗೂ ಕೆಲಸ ಮಾಡಿತು.

ಮಾಸ್ಟ್ರಿಗೆ ಒಬ್ಬಳೇ ಮಗಳು. ಹದಿನೈದು ತುಂಬಿ ಹದಿನಾರಕ್ಕೆ ಬಿದ್ದವಳು. ಸಣ್ಣವಳಿದ್ದಾಗ ಟೇಪು ಹಿಡಿದುಕೊಂಡೇ ಆಡುತ್ತಿದ್ದಳೆಂದು ಮನೆಯವರು ಟೇಪು ಎಂದು ಕರೆದರು. ಆಮೇಲೆ ಅವಳು ಹೆಸರಿಗೆ ತಕ್ಕಂತೆ ಉದ್ದಕ್ಕೆ, ತೆಳ್ಳಗೆ ಬೆಳೆಯತೊಡಗಿದಳು. ಕಳೆದೆರಡು ವರ್ಷಗಳಲ್ಲಂತೂ ಯೂನಿಫಾರಮ್ಮಿನ ಅಂಚು ಬಿಚ್ಚಿ ಬಿಚ್ಚಿ ಒಳಗೆ ಬಿಟ್ಟಿದ್ದ ಬಟ್ಟೆಯೆಲ್ಲ ಮುಗಿದುಹೋಯಿತು. ಆ ಸಮಯದಲ್ಲೇ ಮಾಸ್ಟ್ರ ಕಣ್ಣಳತೆಗೆ ಒಂದು ವಿಷಯ ಕಂಡಿತ್ತು. ಮಗಳ ಎಡಭುಜ ಸ್ವಲ್ಪ ಇಳಿದಿದೆ, ಸ್ಕರ್ಟು ಒಂದು ಕಡೆ ಜೋತುಬೀಳುತ್ತದೆ. ಬೇರೆ ಅಪ್ಪನಾಗಿದ್ದರೆ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ಇವರು ಟೈಲರ್. ಎಡಭುಜದೊಳಗೆ ತೆಳ್ಳಗೆ ಒಂದು ಪ್ಯಾಡು ಇಟ್ಟರು, ಸ್ಕರ್ಟಿನ ಆ ಕಡೆ ಅರ್ಧ ಇಂಚು ಮೇಲಕ್ಕೆ ಮಡಚಿದರು. ಕನ್ನಡಿಯ ಮುಂದೆ ನಿಲ್ಲಿಸಿ ನೋಡಿದರೆ ಮಗಳು ನೆಟ್ಟಗೆ. "ಸ್ಕೂಲ್ ಬ್ಯಾಗಿನ ಭಾರಕ್ಕೆ ಹಾಗಾಗುತ್ತೆ" ಎಂದು ತಮಗೆ ತಾವೇ ಹೇಳಿಕೊಂಡು ಮುಂದಿನ ಪ್ಯಾಂಟು ಕೈಗೆತ್ತಿಕೊಂಡರು. ಅರ್ಧ ಇಂಚು ಮುಕ್ಕಾಲಾಯಿತು, ಮುಕ್ಕಾಲು ಒಂದಾಯಿತು. ಪ್ಯಾಡೂ ಅದರ ಜೊತೆಗೇ ದಪ್ಪವಾಯಿತು. ಅಷ್ಟು ಚೆನ್ನಾಗಿ ಹೊಲಿದರೆ ಯಾರಿಗೆ ಗೊತ್ತಾಗಬೇಕು? ಹೆತ್ತ ತಾಯಿಗೂ ಗೊತ್ತಾಗಲಿಲ್ಲ.

ಗುಟ್ಟು ರಟ್ಟಾದದ್ದು ರೆಡಿಮೇಡಿನಿಂದ. ಶಾಲೆಯವರು ಆಟಕ್ಕೆಂದು ಎಲ್ಲ ಮಕ್ಕಳಿಗೂ ಒಂದೇ ಥರದ ಟೀ ಶರ್ಟು ತರಿಸಿದರು. ಅದನ್ನು ಹಾಕಿಕೊಂಡು ಟೇಪು ಬಗ್ಗಿ ಕಾಲ್ಬೆರಳು ಮುಟ್ಟಿದಾಗ ಆಟದ ಟೀಚರು ಅವಳ ಬೆನ್ನು ನೋಡಿ, ಪಕ್ಕಕ್ಕೆ ಕರೆದು, ಮನೆಗೆ ಹೇಳಿ ಕಳಿಸಿದರು. ಮಾಸ್ಟ್ರು ಮೊದಲು ಬೈದದ್ದು ಟೀ ಶರ್ಟನ್ನು. "ರೆಡಿಮೇಡ್ ಹಣೆಬರಹಾನೇ ಅಷ್ಟು. ಹಾಕ್ಕೊಂಡೋರೆಲ್ಲ ಸೊಟ್ಟಗೇ ಕಾಣ್ತಾರೆ!" ಆಮೇಲೆ ಎಕ್ಸ್‌ರೇ ಬಂತು. ಬೆಳಕಿನ ಹಲಗೆಯ ಮೇಲೆ ಮಗಳ ಬೆನ್ನುಮೂಳೆ ಹಾವಿನಂತೆ ಹೊರಳಿತ್ತು. ಅದಕ್ಕೆ ಯಾವ ಕಡೆಯಿಂದ ಪ್ಯಾಡು ಇಡಬೇಕೆಂದು ಮಾಸ್ಟ್ರಿಗೆ ಹೊಳೆಯಲಿಲ್ಲ.

ಸರ್ಜನ್ ಹೇಳಿದ್ದನ್ನು ಗಂಡಹೆಂಡತಿ ಅರ್ಧರ್ಧ ನೆನಪಿಟ್ಟುಕೊಂಡು ಮನೆಗೆ ಬಂದು ಜೋಡಿಸಿದರು. ಹುಡುಗಿ ಬೆಳೆಯುತ್ತಿರುವಷ್ಟು ಕಾಲ ಬೆನ್ನು ಬಾಗುತ್ತಲೇ ಹೋಗುತ್ತದೆ, ಹೀಗೇ ಬಿಟ್ಟರೆ ಮುಂದೆ ಉಸಿರಾಟಕ್ಕೇ ತೊಂದರೆ. ಆಪರೇಷನ್ ಮಾಡಿ ಕಂಬಿ ಕೂರಿಸಬೇಕು. ದೊಡ್ಡ ಆಪರೇಷನ್, ರಕ್ತ ಹೋಗುತ್ತದೆ. ಇವಳ ರಕ್ತ ಸುಲಭಕ್ಕೆ ಸಿಗುವ ಗುಂಪಿನದಲ್ಲ, ಅಪ್ಪನದೂ ಹೊಂದುವುದಿಲ್ಲ, ಅಮ್ಮನದೂ ಹೊಂದುವುದಿಲ್ಲ. ಆದ್ದರಿಂದ ಇವಳದೇ ರಕ್ತವನ್ನು ಮೊದಲೇ ಒಂದೊಂದು ಬ್ಯಾಗಿನಂತೆ ಎರಡು ಸಲ ತೆಗೆದಿಟ್ಟು, ಆಪರೇಷನ್ನಿನಲ್ಲಿ ಇವಳಿಗೇ ಏರಿಸುವುದು. ಸರ್ಜನ್ ತಾರೀಖು ಕೊಟ್ಟಿದ್ದಾರೆ. ಅಷ್ಟರೊಳಗೆ ರಕ್ತ ಸಿದ್ಧವಾಗದಿದ್ದರೆ ಆ ತಾರೀಖು ಬೇರೆಯವರಿಗೆ ಹೋಗುತ್ತದೆ, ಮತ್ತೆ ಸರದಿ ಎಂದು ಬರುವುದೋ ಅವರಿಗೂ ಗೊತ್ತಿಲ್ಲ. ಬೆನ್ನು ಮಾತ್ರ ಸರದಿಗಾಗಿ ಕಾಯುವುದಿಲ್ಲ.

"ದಾನಿ ಅಂತ ಬರ್ಕೊಂಡ್ರಲ್ಲ ಅಲ್ಲಿ," ಎಂದಳು ಟೇಪು, ರಕ್ತನಿಧಿಗೆ ಹೋದ ಮೊದಲ ದಿನ. "ನನ್ನದು ನನಗೇ ಕೊಟ್ರೆ ಅದು ದಾನ ಹೇಗಾಗುತ್ತಪ್ಪ?"

"ಕೊಟ್ಟು ಇಸ್ಕೊಳ್ಳೋದು."

"ಹಾಗಾದ್ರೆ ಅದು ಆಲ್ಟರೇಷನ್ ಅನ್ನು."

ಮಾಸ್ಟ್ರು ನಕ್ಕರು, ಆದರೆ ಸರಿಯಾಗಿ ನಗು ಬರಲಿಲ್ಲ. ಮಗಳು ತಮಾಷೆ ಮಾಡುತ್ತಿದ್ದಾಳೆಂದರೆ ಒಳಗೊಳಗೇ ನಡುಗುತ್ತಿದ್ದಾಳೆಂದು ಅರ್ಥ. ನಾಲ್ಕು ಬಗೆಯ ಸೂಜಿಗಳ ನಡುವೆ ಬೆಳೆದ ಹುಡುಗಿ ಚುಚ್ಚುಮದ್ದಿನ ಸೂಜಿ ಕಂಡರೆ ಬೆವರುತ್ತಿದ್ದಳು. ಆ ದಿನ ಬೆರಳ ತುದಿಗೆ ಚುಚ್ಚಿ ಒಂದು ಹನಿ ತೆಗೆಯುವುದಕ್ಕೇ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆ ಹನಿಯ ಲೆಕ್ಕ ಬಂದಾಗ ಅಲ್ಲಿನ ಸಿಸ್ಟರ್ ತಲೆ ಅಲ್ಲಾಡಿಸಿದರು. ರಕ್ತದಲ್ಲಿ ಕಬ್ಬಿಣ ಕಡಿಮೆ. ಹಿಮೋಗ್ಲೋಬಿನ್ ಹನ್ನೊಂದು ಇರಬೇಕಾದ ಕಡೆ ಹತ್ತೂವರೆ ಇದೆ.

ಮಾಸ್ಟ್ರ ಮುಖ ಅರಳಿತು. "ಅರ್ಧ ತಾನೆ ಸಿಸ್ಟರ್? ಅಡ್ಜಸ್ಟ್ ಮಾಡ್ಕೊಳ್ಳಿ."

"ಯಜಮಾನ್ರೇ, ಇದು ಪ್ಯಾಂಟಲ್ಲ," ಎಂದರು ಸಿಸ್ಟರ್. ಅವರಿಗೆ ಇವರ ಕಸುಬು ಗೊತ್ತಿರಲಿಲ್ಲ, ಸುಮ್ಮನೆ ಬಾಯಿಗೆ ಬಂದ ಮಾತು. ಸಿಸ್ಟರ್ ತಮ್ಮನ್ನು ಎಲ್ಲಿಯೋ ಗುರುತು ಹಿಡಿದುಬಿಟ್ಟರೆಂದು ಮಾಸ್ಟ್ರು ಗಾಬರಿಯಾದರು.

ಕಬ್ಬಿಣದ ಮಾತ್ರೆ ಕೊಟ್ಟರು. ಸೊಪ್ಪು, ಖರ್ಜೂರ, ಮೊಟ್ಟೆ ತಿನ್ನಬೇಕು. ಮಾತ್ರೆಯ ಜೊತೆ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ನಿಂಬೆರಸದ ಜೊತೆ ನುಂಗಬೇಕು. ತೋಳು ಸಡಿಲವಿರುವ ಅಂಗಿ ಹಾಕಿಕೊಂಡು, ಹೊಟ್ಟೆ ತುಂಬ ತಿಂದು, ಚೆನ್ನಾಗಿ ನೀರು ಕುಡಿದು ಬರಬೇಕು. ಇಷ್ಟು ಹೇಳಿ ಸಿಸ್ಟರ್ ಹುಡುಗಿಯನ್ನು ಅಮ್ಮನ ಜೊತೆ ಹೊರಗೆ ಕೂರಿಸಿ ಮಾಸ್ಟ್ರನ್ನು ಮಾತ್ರ ನಿಲ್ಲಿಸಿಕೊಂಡರು.

"ಹುಡುಗಿ ತುಂಬಾ ಹೆದರಿದಾಳೆ. ಮನೆಯಲ್ಲಿ ಕೂರಿಸ್ಕೊಂಡು ಮಾತಾಡಿ ತಯಾರು ಮಾಡಿ. ಒಪ್ಪದೆ ಇದ್ರೆ ನಾವು ಕೈ ಕಟ್ಟಿ ತೆಗೆಯೋ ಹಾಗಿಲ್ಲ. ಒಂದು ವಿಷಯ ನೆನಪಿರಲಿ, ನೋಯಲ್ಲ ಅಂತ ಮಾತ್ರ ಹೇಳ್ಬೇಡಿ."

"ಅಯ್ಯೋ, ನೋಯುತ್ತೆ ಅಂದ್ರೆ ಬರ್ತಾಳಾ ಸಿಸ್ಟರ್?"

"ನೋಯಲ್ಲ ಅಂದು, ನೋವಾಯ್ತು ಅನ್ನಿ. ನೀವು ಹೇಳಿದ ಬೇರೆಲ್ಲವೂ ಸುಳ್ಳೇ ಅನ್ಕೋತಾಳೆ. ಎರಡನೇ ಸಲಕ್ಕೆ ಯಾರು ಕರ್ಕೊಂಡು ಬರೋದು?"

ಮಾಸ್ಟ್ರು ತಲೆಯಾಡಿಸಿದರು. ಗಿರಾಕಿ "ಬಟನ್ ಬಿಳೀದೇ ಇರಲಿ" ಎಂದಾಗ ಆಡಿಸುತ್ತಾರಲ್ಲ, ಆ ಥರ.

ಮನೆಯಲ್ಲಿ ತಯಾರಿ ಶುರುವಾಯಿತು. ಮಾಸ್ಟ್ರ ಮನೆಯೆಂದರೆ ಅಂಗಡಿಯ ಹಿಂದಿನ ಎರಡು ಕೋಣೆ. ಮೊದಲು ಚಹಾ ಬಂದ್ ಆಯಿತು. ಮಗಳಿಗೆ ಮಾತ್ರ ಬೇಡವೆಂದರೆ ಅವಳ ಮನಸ್ಸು ನೋಯುತ್ತದೆಂದು ತಾವೂ ಬಿಟ್ಟರು, ಹೆಂಡತಿಗೂ ಬಿಡಿಸಿದರು. ಗುಂಡಿ ತೂರಿಸುವ ಕಾಜಾ ಹೊಲಿಯುತ್ತ ದಿನಕ್ಕೆ ಐದಾರು ಲೋಟ ಚಹಾ ಕುಡಿಯುತ್ತಿದ್ದ ಆಕೆ ತಲೆನೋವಿಗೆ ಹಣೆಗೆ ಬಟ್ಟೆ ಕಟ್ಟಿಕೊಂಡು ಕೂತರು. ಬಂದ ಗಿರಾಕಿಗಳು ಆಕೆಗೇ ಏನೋ ಕಾಯಿಲೆಯೆಂದು ತಿಳಿದು ಮರುಗಿ ಹೋದರು.

ಮುಂದಿನದು ಟ್ರಯಲ್. ಕೋಟು ಹೊಲಿದು ಮುಗಿಸುವ ಮೊದಲು ಟ್ರಯಲ್ ನೋಡುವಂತೆ ರಕ್ತ ಕೊಡುವುದಕ್ಕೂ ಒಂದು ಟ್ರಯಲ್ ನೋಡಿಬಿಟ್ಟರೆ ಭಯ ಹೋಗುತ್ತದೆಂಬ ಯೋಚನೆ ಮಾಸ್ಟ್ರಿಗೆ ಹೊಳೆದಾಗ ಅವರಿಗೆ ತಮ್ಮ ಬಗ್ಗೆಯೇ ಗೌರವ ಹೆಚ್ಚಿತು. ಭಾನುವಾರ ಬೆಳಿಗ್ಗೆ ಕಟಿಂಗ್ ಟೇಬಲ್ಲಿನ ಮೇಲಿದ್ದ ಬಟ್ಟೆಯನ್ನೆಲ್ಲ ಸರಿಸಿ, ಕ್ಯಾನ್ವಾಸಿನ ಸುರುಳಿಯನ್ನು ದಿಂಬು ಮಾಡಿ, ಮಗಳನ್ನು ಮಲಗಿಸಿದರು. ತೋಳಿಗೆ ಅಳತೆಯ ಟೇಪು ಕಟ್ಟಿದರು. ಹಿಸುಕಲು ನೂಲುಂಡೆ ಕೊಟ್ಟರು. ನರ್ಸಿನ ಪಾತ್ರಕ್ಕೆ ಹೆಂಡತಿಯ ತಮ್ಮ ತಾನಾಗಿಯೇ ಬಂದಿದ್ದ. ಅವನು ಕಾರು ಕಲಿಸುವವನು. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲಡಿಯ ಬ್ರೇಕನ್ನು ಜೀವ ಹೋಗುವಂತೆ ಒತ್ತಿ ಹಿಡಿದು, "ಹೆದರಬೇಡಿ, ಹೆದರಬೇಡಿ" ಎಂದು ಕಿರುಚುವುದು ಅವನ ಉದ್ಯೋಗ.

"ನೋಡು ಪುಟ್ಟಿ," ಎಂದ ಅವನು, ಪೆನ್ಸಿಲ್ಲನ್ನು ಸೂಜಿಯಂತೆ ಹಿಡಿದು. "ಕಣ್ಣು ಮುಚ್ಕೋ. ಉಸಿರು ಬಿಗಿಯಾಗಿ ಹಿಡ್ಕೋ. ನಾನು ಹೇಳೋವರೆಗೂ ಬಿಡಬಾರದು. ಕ್ಲಚ್ ಥರ."

"ಉಸಿರು ಎಷ್ಟೊತ್ತು ಹಿಡಿಯೋದು ಮಾವ?"

"ಬ್ಯಾಗ್ ತುಂಬೋವರೆಗೂ."

"ಲೇ, ಅಷ್ಟೊತ್ತಿಗೆ ಹುಡುಗಿ ಇರ್ತಾಳೇನೋ?" ಎಂದರು ಅವನ ಅಕ್ಕ ಒಳಗಿನಿಂದ.

ಟೇಪು ಕಣ್ಣು ಮುಚ್ಚಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತ ಕೇಳಿದಳು. "ನಿಜವಾಗ್ಲೂ ಹೇಗಿರುತ್ತಪ್ಪ?"

"ಏನೂ ಇಲ್ಲ ಮಗಳೇ. ಇರುವೆ ಕಚ್ಚಿದ ಹಾಗೆ. ಕಚ್ಚಿದ್ದೂ ಗೊತ್ತಾಗಲ್ಲ."

"ಆಪರೇಷನ್ನು?"

"ಅದೂ ಅಷ್ಟೇ. ಮಲಗ್ತೀಯ, ಏಳ್ತೀಯ. ಅಷ್ಟು ದೊಡ್ಡ ಡಾಕ್ಟ್ರು, ಎಲ್ಲಾ ನೋಡಿ ತಯಾರು ಮಾಡಿಟ್ಟಿದಾರೆ. ನೀನೊಂದು ಹೂಂ ಅಂದ್ರೆ ಮುಗೀತು. ಇನ್ನು ಗುಂಡಿ ಹಾಕೋದೊಂದೇ ಬಾಕಿ ಅಂತ ತಿಳ್ಕೋ."

ಟೇಪು ಎದ್ದು ಕೂತಳು. ತೋಳಿನ ಟೇಪನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

"ನಾನು ಬರಲ್ಲ."

"ಯಾಕೆ ಪುಟ್ಟಿ, ಈಗ ತಾನೇ ಸೆಕೆಂಡ್ ಗೇರಿಗೆ ಬಂದಿದ್ವಿ" ಎಂದ ಮಾವ.

ಅವಳು ಅವನ ಕಡೆ ನೋಡಲಿಲ್ಲ. "ಅಪ್ಪ, ನೀನು ಆ ಮಾತು ಹೇಳಿದ್ರೆ ಬಟ್ಟೇನೇ ಇನ್ನೂ ಕತ್ತರಿಸಿಲ್ಲ ಅಂತ ಈ ಬೀದಿಗೆಲ್ಲ ಗೊತ್ತು. ಗುಂಡಿಗೆ ದಾರ ಪೋಣಿಸಿ ಕೊಡ್ತಿದ್ದೋಳು ನಾನು. ನನಗೆ ಗೊತ್ತಿರಲ್ವಾ?" ಜೇಬಿಗೆ ಕೈಹಾಕಿ ಏನನ್ನೋ ತೆಗೆದು ಮೇಜಿನ ಮೇಲಿಟ್ಟಳು. "ಇದು ಏನು?"

ಅದು ಪ್ಯಾಡು. ಬಿಳಿ ಕ್ಯಾನ್ವಾಸಿನೊಳಗೆ ಹತ್ತಿ ತುಂಬಿ, ಮಾಸ್ಟ್ರ ಕೈಯ ಸಣ್ಣ ಹೊಲಿಗೆಯಲ್ಲಿ ಸುತ್ತ ಮುಚ್ಚಿದ್ದು. ಎಕ್ಸ್‌ರೇ ನೋಡಿ ಬಂದ ಮಾರನೆಯ ದಿನ ಅವಳು ಯೂನಿಫಾರಮ್ಮಿನ ಭುಜ ಬಿಚ್ಚಿ ನೋಡಿದ್ದಳು.

"ಎಲ್ಲಾ ಯೂನಿಫಾರಮ್ಮಲ್ಲೂ ಇದೆ. ಹಳೇದರಲ್ಲಿ ತೆಳ್ಳಗೆ, ಹೊಸದರಲ್ಲಿ ದಪ್ಪ. ನಿನಗೆ ಗೊತ್ತಿತ್ತು. ನೆಟ್ಟಗಿದೀಯ, ನೆಟ್ಟಗಿದೀಯ ಅಂತ ಕನ್ನಡಿ ಮುಂದೆ ನಿಲ್ಲಿಸ್ತಿದ್ದೆ. ಈಗ ನೋಯಲ್ಲ ಅಂದ್ರೆ ನಾನು ಹೇಗಪ್ಪ ನಂಬಲಿ?"

ಮಾವನಿಗೆ ಒತ್ತಲು ಬ್ರೇಕು ಸಿಗಲಿಲ್ಲ. ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೊರಗೆ ಹೋದ. ಟೇಪು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನವೂ ಅವಳ ಉತ್ತರ ಅದೇ. ಮಾತ್ರೆ ನುಂಗುತ್ತಿದ್ದಳು, ನಿಂಬೆರಸ ಕುಡಿಯುತ್ತಿದ್ದಳು, ಸೊಪ್ಪು ಬಡಿಸಿದರೆ ತಿನ್ನುತ್ತಿದ್ದಳು. ಆದರೆ ಬರುವುದಿಲ್ಲ. ಸಿಸ್ಟರ್ ಹೇಳಿದ ದಿನ ಹತ್ತಿರವಾಗುತ್ತಿತ್ತು. ಅದು ತಪ್ಪಿದರೆ ಎರಡನೆಯ ಬ್ಯಾಗಿಗೆ ಸಮಯವಿಲ್ಲ, ಎರಡನೆಯದಿಲ್ಲದಿದ್ದರೆ ಆಪರೇಷನ್ ಇಲ್ಲ. ಮಾಸ್ಟ್ರು ಹಗಲೆಲ್ಲ ಮೆಷಿನ್ನಿನ ಮುಂದೆ ಕೂತು ಪೆಡಲ್ ತುಳಿದರು. ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಮದುಮಗನೊಬ್ಬ ಬಂದು ಸೂಟು ಕೇಳಿದಾಗ ಅಭ್ಯಾಸಬಲದಿಂದ ಬಾಯಿ ತೆರೆದರು. "ಗುಂಡಿ..." ಎಂದವರು ಅಲ್ಲಿಗೇ ನಿಂತುಬಿಟ್ಟರು. ಆತ ಪೂರ್ತಿ ಮಾತನ್ನು ತಾನೇ ಊಹಿಸಿಕೊಂಡು ಸಂತೋಷದಿಂದ ಹೋದ.

"ಏನ್ ಮಾಡ್ಲೇ?" ಎಂದರು ಹೆಂಡತಿಗೆ. "ಸಮಾಧಾನ ಆಗ್ಲಿ ಅಂತ ತಾನೆ ಹೇಳಿದ್ದು."

ಆಕೆ ಕಾಜಾದ ದಾರ ಕಚ್ಚಿ ತುಂಡು ಮಾಡಿ, ತಲೆಯೆತ್ತದೆ ಹೇಳಿದರು. "ರೀ, ಅವಳು ಗಿರಾಕಿ ಅಲ್ಲ."

ಅಷ್ಟೇ. ಮುಂದಿನ ಕಾಜಾಕ್ಕೆ ಕೈಹಾಕಿದರು.

ಮಾಸ್ಟ್ರು ಎದ್ದು ಅಂಗಡಿಯ ಬಾಗಿಲನ್ನು ಅರ್ಧ ಎಳೆದರು. ಕತ್ತಲಾಗುವ ಮೊದಲು ಅವರು ಬಾಗಿಲೆಳೆದದ್ದನ್ನು ಬೀದಿ ಎಂದೂ ಕಂಡಿರಲಿಲ್ಲ. ಶಾಲೆಯಿಂದ ಬಂದ ಮಗಳನ್ನು ಕರೆದು ಗಿರಾಕಿಗಳ ಬೆಂಚಿನ ಮೇಲೆ ಕೂರಿಸಿ, ತಾವು ಕೆಳಗೆ, ಚಿಂದಿ ಬಟ್ಟೆಯ ರಾಶಿಯ ಪಕ್ಕದಲ್ಲಿ ಕೂತರು. ತುಟಿಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. ಸೂಜಿಗಳಿಲ್ಲದ ಅವರ ಬಾಯಿ ಚಿಕ್ಕದಾಗಿ ಕಾಣುತ್ತಿತ್ತು.

"ಕೇಳು. ಗೊತ್ತಿದ್ದದ್ದನ್ನೆಲ್ಲ ಹೇಳ್ತೀನಿ."

ಟೇಪು ಕೇಳಿದಳು. "ಭುಜ ಇಳಿದಿರೋದು ಕಂಡಾಗ ಯಾಕೆ ಹೇಳಲಿಲ್ಲ?"

"ಕಂಡಿದ್ದು ನಿಜ. ನನ್ನ ಕಣ್ಣು ಬಟ್ಟೆ ಮೇಲಿತ್ತು ಮಗಳೇ. ಬಟ್ಟೆ ಸರಿಹೋದ್ರೆ ಎಲ್ಲಾ ಸರಿಹೋಯ್ತು ಅನ್ಕೊಂಡೆ. ಆಮೇಲೆ ಪ್ಯಾಡು ದಪ್ಪ ಆಗ್ತಾ ಹೋದಾಗ ಒಳಗೆ ಭಯ ಆಯ್ತು. ಭಯ ಆಗಿದ್ದಕ್ಕೇ ಇನ್ನೂ ಚೆನ್ನಾಗಿ ಹೊಲಿದೆ."

ಅವಳು ಅದನ್ನು ಕ್ಷಮಿಸಿದಂತೆ ಕಾಣಲಿಲ್ಲ. ಮುಂದಿನ ಪ್ರಶ್ನೆಗೆ ಹೋದಳು.

"ಸೂಜಿ ದಪ್ಪ ಇರುತ್ತಾ?"

"ಇರುತ್ತೆ. ನಮ್ಮ ಕೋಟಿನ ಸೂಜಿಗಿಂತ ದಪ್ಪ. ನಾನು ನೋಡ್ದೆ."

"ನೋಯುತ್ತಾ?"

"ನೋಯುತ್ತೆ. ಚುಚ್ಚೋವಾಗ ಜೋರಾಗಿ. ಆಮೇಲೆ ಕಮ್ಮಿ ಆಗುತ್ತಂತೆ, ಆದ್ರೆ ಇದ್ದೇ ಇರುತ್ತಂತೆ."

"ತಲೆ ಸುತ್ತುತ್ತಾ?"

"ಕೆಲವರಿಗೆ ಸುತ್ತುತ್ತೆ. ಸುತ್ತಿದ್ರೆ ಹೇಳ್ಬೇಕು, ಕಾಲು ಮೇಲಕ್ಕೆತ್ತಿ ಮಲಗಿಸ್ತಾರೆ. ಸಾಕು ಅಂದ್ರೆ ನಿಲ್ಲಿಸ್ತಾರೆ."

"ಮಾವ ಹೇಳಿದ ಹಾಗೆ ಉಸಿರು ಹಿಡೀಬೇಕಾ?"

"ಅವನ ಮಾತು ಕೇಳಿ ಕಾರು ಕಲಿತೋರು ಇವತ್ತಿಗೂ ಬಸ್ಸಲ್ಲೇ ಓಡಾಡ್ತಾರೆ."

ಅವಳ ತುಟಿಯಲ್ಲಿ ನಗು ಬರುವಂತಾಗಿ ನಿಂತುಹೋಯಿತು. ಕಾಲುಗಳನ್ನು ಬೆಂಚಿನ ಮೇಲೆಳೆದುಕೊಂಡು, ಮೊಣಕಾಲಿಗೆ ಗಲ್ಲ ಒತ್ತಿ, ಮೆಲ್ಲಗೆ ಕೇಳಿದಳು. "ಆಪರೇಷನ್ನಲ್ಲಿ ನನಗೆ ಏನಾದ್ರೂ ಆದ್ರೆ?"

ಮಾಸ್ಟ್ರ ಕೈ ತಾನಾಗಿಯೇ ಡಬ್ಬಿಯ ಕಡೆ ಹೋಯಿತು. ಬಾಯಲ್ಲಿ ಒಂದು ಸೂಜಿಯಾದರೂ ಇದ್ದಿದ್ದರೆ ಎಂದು ಅವರಿಗೆ ಅನಿಸಿರಬೇಕು. ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಗೊತ್ತಿಲ್ಲ ಮಗಳೇ."

ಬೀದಿಯಲ್ಲಿ ಬೆಳೆದು, ಬೀದಿಯ ಎಲ್ಲರ ಸೊಂಟವನ್ನೂ ಬಲ್ಲ ಮಾಸ್ಟ್ರ ಬಾಯಿಂದ ಈ ಮಾತು ಬಂದದ್ದನ್ನು ಒಳಗಿನಿಂದ ಕೇಳಿಸಿಕೊಂಡ ಹೆಂಡತಿಯ ಕೈಯಲ್ಲಿ ಸೂಜಿ ನಿಂತಿತು. ಮಾಸ್ಟ್ರು ಮುಂದುವರಿಸಿದರು. "ಡಾಕ್ಟ್ರು ಇಂಥವು ಎಷ್ಟೋ ಮಾಡಿದಾರೆ. ಹೆಚ್ಚಿನೋರು ಚೆನ್ನಾಗಿದಾರೆ ಅಂದ್ರು. ಎಲ್ಲರೂ ಅಂತ ಅವರೂ ಹೇಳಲಿಲ್ಲ. ನಿನ್ನ ರಕ್ತ ನಿನಗೇ ರೆಡಿ ಇದ್ರೆ ಒಂದು ಭಯ ಕಮ್ಮಿ ಅಂದ್ರು. ನಮ್ಮ ಕೈಲಿ ಇರೋದು ಅದೊಂದೇ."

"ನಿನಗೆ ಭಯ ಆಗ್ತಿದೆಯಾ?"

"ನಿನ್ನೆ ಒಂದು ಶರ್ಟಿಗೆ ತೋಳನ್ನ ಕಾಲರ್ ಜಾಗದಲ್ಲಿ ಹೊಲಿದುಬಿಟ್ಟೆ ಕಣೇ."

ಈ ಸಲ ಅವಳು ನಕ್ಕೇಬಿಟ್ಟಳು. ನಕ್ಕು, ಅಳುತ್ತ, ಮೂಗು ಒರೆಸಿಕೊಳ್ಳಲು ಕೈಗೆ ಸಿಕ್ಕಿದ ಚಿಂದಿಯನ್ನು ತೆಗೆದುಕೊಂಡಳು. ಅದು ಮದುಮಗನ ಸೂಟಿನ ರೇಷ್ಮೆ ಲೈನಿಂಗು. ಮಾಸ್ಟ್ರು ನೋಡಿಯೂ ಅದನ್ನು ಕಸಿದುಕೊಳ್ಳಲಿಲ್ಲ.

"ತೋಳು ಸಡಿಲ ಇರೋ ಶರ್ಟು ಬೇಕು ಅಂದ್ರಲ್ಲ," ಎಂದಳು ಕಡೆಗೆ. "ಹೊಲಿದು ಕೊಡು. ಪ್ಯಾಡು ಬೇಡ. ನಾನಿರೋ ಹಾಗೆ ಹೊಲಿ. ಟೇಪಲ್ಲಿ ಅಳೆದು."

ಮಾಸ್ಟ್ರು ಕೊರಳಿನಿಂದ ಟೇಪು ತೆಗೆದರು. ಮಗಳನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಕತ್ತಿನಿಂದ ಬಲಭುಜಕ್ಕೆ, ಕತ್ತಿನಿಂದ ಎಡಭುಜಕ್ಕೆ, ಭುಜದಿಂದ ಸೊಂಟಕ್ಕೆ, ಒಂದು ಕಡೆ, ಇನ್ನೊಂದು ಕಡೆ ಅಳೆದರು. ಬಂದ ಅಳತೆಯನ್ನೆಲ್ಲ ಗಟ್ಟಿಯಾಗಿ ಹೇಳಿದರು, ಮುಚ್ಚಿಡದೆ. ಒಳಗಿನಿಂದ ಬಂದ ಹೆಂಡತಿ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಎರಡು ಕಡೆಯ ಗುರುತುಗಳು ಒಂದರ ಎದುರಿಗೊಂದು ಕೂರಲಿಲ್ಲ. ಅವರಿಬ್ಬರೂ ಆ ಗೆರೆಗಳನ್ನು ನೋಡುತ್ತ ನಿಂತಾಗ ಟೇಪೂ ತಿರುಗಿ ಬಂದು ನೋಡಿದಳು. "ಇಷ್ಟೇನಾ?" ಎಂದಳು. ಅವಳ ಮನಸ್ಸಿನಲ್ಲಿ ಅದು ಇನ್ನೂ ದೊಡ್ಡದಾಗಿತ್ತೇನೋ.

ಆ ಶರ್ಟನ್ನು ಮಾಸ್ಟ್ರು ಹೇಳಿದ ದಿನಕ್ಕೆ ಹೊಲಿದು ಕೊಟ್ಟರು. ಗುಂಡಿಯನ್ನೂ ಹಾಕಿ.

ರಕ್ತನಿಧಿಯಲ್ಲಿ ಮತ್ತೆ ಬೆರಳಿಗೆ ಚುಚ್ಚಿದರು. ಸಿಸ್ಟರ್ ಯಂತ್ರದೊಳಗೆ ಇಣುಕಿ ನೋಡುವಷ್ಟು ಹೊತ್ತು ಮಾಸ್ಟ್ರು ಗೋಡೆಗೆ ಒರಗಿಕೊಂಡು ನಿಂತರು. ಅಡ್ಜಸ್ಟ್ ಎಂಬ ಮಾತು ನಾಲಿಗೆಯ ಮೇಲೆ ಬಾರದಂತೆ ಹಲ್ಲು ಕಚ್ಚಿದ್ದರು.

"ಹನ್ನೊಂದೂ ಕಾಲು," ಎಂದರು ಸಿಸ್ಟರ್. "ಬಾಮ್ಮ. ಚೆನ್ನಾಗಿ ತಿಂದು ಬಂದಿದೀಯ ತಾನೆ?"

ಮಾವನೂ ಬಂದಿದ್ದ. ಹುಡುಗಿ ಮಂಚದ ಮೇಲೆ ಮಲಗುತ್ತಿದ್ದಂತೆ ತಲೆಯ ಹತ್ತಿರ ನಿಂತು, "ಪುಟ್ಟಿ, ಉಸಿರು ಬಿಗಿ..." ಎಂದು ಶುರುಮಾಡಿದ.

"ಉಸಿರು ಆರಾಮಾಗಿ ಬಿಡಮ್ಮ," ಎಂದರು ಸಿಸ್ಟರ್. "ಇವರು ಯಾರು?"

"ನನ್ನ ಮಾವ. ಕಾರು ಕಲಿಸ್ತಾರೆ."

"ಸಾರ್, ಹೊರಗೆ ಪಾರ್ಕಿಂಗ್ ಇದೆ."

ಮಾವ ಹೋದ. ಸಿಸ್ಟರ್ ಹುಡುಗಿಯ ಶರ್ಟಿನ ತೋಳನ್ನು ಸುಲಭವಾಗಿ ಭುಜದವರೆಗೂ ಮಡಚಿ, "ತೋಳು ಬಹಳ ಚೆನ್ನಾಗಿ ಬಿಟ್ಟಿದಾರೆ, ಯಾರು ಹೊಲಿದಿದ್ದು?" ಎಂದರು. ಟೇಪು ಕಣ್ಣಿನಲ್ಲೇ ಅಪ್ಪನನ್ನು ತೋರಿಸಿದಳು. ಬೇರೆ ದಿನವಾಗಿದ್ದರೆ ಮಾಸ್ಟ್ರು ಇಲ್ಲಿ ಹೆಡ್‌ಮಾಸ್ಟರ ಕೋಟಿನ ಕಥೆ ತೆಗೆಯುತ್ತಿದ್ದರು. ಇವತ್ತು ಅವರಿಗೆ ಅದು ಕೇಳಿಸಲೇ ಇಲ್ಲ. ಸಿಸ್ಟರ ಕೈಯಲ್ಲಿದ್ದ ಸೂಜಿಯನ್ನೇ ನೋಡುತ್ತಿದ್ದರು.

"ಈಗ ಚುಚ್ತೀನಿ."

"ನೋಯುತ್ತೆ ಮಗಳೇ," ಎಂದರು ಮಾಸ್ಟ್ರು.

"ಗೊತ್ತು."

ಸೂಜಿ ಒಳಗೆ ಹೋದಾಗ ಅವಳು ಅಪ್ಪನ ಬೆರಳುಗಳನ್ನು ಹಿಡಿದ ಬಿಗಿಗೆ ಮಾಸ್ಟ್ರ ಕಣ್ಣಲ್ಲಿ ನೀರು ಬಂತು. "ನೋಯ್ತು," ಎಂದಳು ಹಲ್ಲು ಕಚ್ಚಿ. "ಹೌದು," ಎಂದರು ಅವರು. ಬೇರೇನೂ ಸೇರಿಸಲಿಲ್ಲ. ಕೊಳವೆಯಲ್ಲಿ ಕಪ್ಪುಗೆಂಪು ಗೆರೆ ಓಡಿ, ಬ್ಯಾಗು ಪಕ್ಕದ ಸಣ್ಣ ಯಂತ್ರದ ಮೇಲೆ ತೊಟ್ಟಿಲಿನಂತೆ ಅತ್ತಿತ್ತ ತೂಗತೊಡಗಿತು. ಅಮ್ಮ ಅದನ್ನು ನೋಡಲಾರದೆ ಮಗಳ ಪಾದ ಹಿಡಿದುಕೊಂಡು ಕೂತರು. ನಡುವೆ ಒಮ್ಮೆ ಟೇಪುವಿನ ತುಟಿ ಬಿಳಿಚಿತು. "ಸುತ್ತುತ್ತಿದೆ" ಎಂದಳು. ಸಿಸ್ಟರ್ ಓಡಿ ಬಂದು ಮಂಚದ ಕಾಲಕಡೆಯನ್ನು ಎತ್ತಿದರು, ಕೆಮ್ಮು ಎಂದರು, ಹಣೆಗೆ ತಣ್ಣೀರ ಬಟ್ಟೆ ಇಟ್ಟರು. "ನಿಲ್ಲಿಸಲಾ?" ಎಂದು ಕೇಳಿದರು.

ಮಾಸ್ಟ್ರು ಮಗಳ ಮುಖ ನೋಡಿದರು. ಇಷ್ಟಕ್ಕೆ ನಿಲ್ಲಿಸಿದರೆ ಬ್ಯಾಗು ಕೆಲಸಕ್ಕೆ ಬರುವುದಿಲ್ಲ, ತಾರೀಖು ಕೈಬಿಡುತ್ತದೆ. ಇನ್ನು ಸ್ವಲ್ಪವೇ ಇದೆ ಎನ್ನುವ ಮಾತು ಗಂಟಲವರೆಗೆ ಬಂತು. ಬ್ಯಾಗಿನ ಕಡೆ ನೋಡಿದರು. "ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಗಿದೆ, ಅಷ್ಟೇ," ಎಂದರು. "ಸಾಕು ಅನಿಸಿದ್ರೆ ಸಾಕು ಅನ್ನು."

ಟೇಪು ಕಣ್ಣು ಮುಚ್ಚಿ ಮೂರ್ನಾಲ್ಕು ಸಲ ಉಸಿರಾಡಿದಳು. ತುಟಿಗೆ ಬಣ್ಣ ಮೆಲ್ಲಗೆ ಮರಳಿತು. "ಬೇಡ. ತುಂಬಲಿ," ಎಂದಳು.

ತುಂಬಿದ ಬ್ಯಾಗಿನ ಚೀಟಿಯ ಮೇಲೆ ಅವಳಿಂದಲೇ ಸಹಿ ಹಾಕಿಸಿದರು. ಬೆಚ್ಚಗಿದ್ದ ಬ್ಯಾಗನ್ನು ಸಿಸ್ಟರ್ ಒಳಗೆ ಒಯ್ದಾಗ, ಅದು ತಂಪು ಪೆಟ್ಟಿಗೆಯೊಳಗೆ ಮರೆಯಾಗುವವರೆಗೂ ಮಾಸ್ಟ್ರು ಬಾಗಿಲಲ್ಲಿ ನಿಂತು ನೋಡಿದರು.

ಮನೆಗೆ ಬರುವಾಗ ಬೀದಿಯ ತಿರುವಿನಲ್ಲಿ ಗಾಡಿಯ ಮೇಲೆ ಬಟ್ಟೆ ಉಜ್ಜುತ್ತಿದ್ದ ಇಸ್ತ್ರಿಯವನು ಸಿಕ್ಕಿದ. ಅವನೂ ಮಾಸ್ಟ್ರೂ ಹಳೆಯ ಸ್ನೇಹಿತರು, ಅಂದರೆ ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ತಪ್ಪು ಹುಡುಕದೆ ಅವರಿಗೆ ಊಟ ಸೇರುವುದಿಲ್ಲ. ಅವನಿಗೆ ವಿಷಯ ಗೊತ್ತಿರಲಿಲ್ಲ. ಟೇಪುವಿನ ಶರ್ಟು ನೋಡಿ, "ಏನ್ ಮಾಸ್ಟ್ರೇ, ಮಗಳ ಭುಜ ಏರುಪೇರಾಗಿದೆ? ಕಣ್ಣು ಮಂಜಾಯ್ತಾ?" ಎಂದ.

ಮಾಸ್ಟ್ರು ನಿಂತರು. "ಹೊಲಿಗೆ ಸರಿಯಾಗೇ ಇದೆ ಕಣಯ್ಯಾ," ಎಂದರು. "ಅವಳ ಬೆನ್ನು ಬಾಗಿದೆ. ಆಪರೇಷನ್ ಆಗ್ಬೇಕು."

ಇಸ್ತ್ರಿಯವನ ಕೈಯ ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೇ ಉಳಿದು ಸುಟ್ಟ ವಾಸನೆ ಬಂತು. ಟೇಪು ಭುಜವನ್ನು ಮುಚ್ಚಿಕೊಳ್ಳಲಿಲ್ಲ. ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡು, ಅಪ್ಪನ ಪಕ್ಕದಲ್ಲಿ ನಿಧಾನವಾಗಿ ನಡೆದಳು.

"ಅಪ್ಪ, ಇನ್ನೇನು ಬಾಕಿ?"

"ಎಲ್ಲಾ ಬಾಕಿ ಇದೆ," ಎಂದರು ಮಾಸ್ಟ್ರು. "ಇನ್ನೊಂದು ಬ್ಯಾಗು. ಆಮೇಲೆ ಆಪರೇಷನ್ನು. ಆಮೇಲ್ದು ನನಗೆ ಗೊತ್ತಿಲ್ಲ."

"ಹೂಂ," ಎಂದಳು ಅವಳು, ಅವರ ತೋಳು ಹಿಡಿದುಕೊಂಡು.

ಆ ಸಂಜೆ ನಾನು ನನ್ನ ಪ್ಯಾಂಟು ಕೇಳಲು ಹೋದೆ. ವಿಷಯ ನನಗೂ ತಿಳಿದಿರಲಿಲ್ಲ. ಮಾಸ್ಟ್ರು ಮೆಷಿನ್ನಿನಿಂದ ತಲೆಯೆತ್ತಿ, ನನ್ನ ಮುಖ ನೋಡಿ, "ಇನ್ನೂ ಕತ್ತರಿಸಿಲ್ಲ ಸಾರ್" ಎಂದರು.

ಇಷ್ಟು ವರ್ಷಗಳಲ್ಲಿ ಆ ಅಂಗಡಿಯಲ್ಲಿ ಯಾರೂ ಕೇಳಿರದ ಮಾತು. ನನ್ನ ಕಾಲುಗಳು ತಾವಾಗಿಯೇ ಬೆಂಚಿನ ಕಡೆ ಹೋದವು. ಕೂತುಕೊಂಡು, ಏನಾಯಿತು ಮಾಸ್ಟ್ರೇ ಎಂದು ಕೇಳಿದೆ.